ಗಾಳಿ ಮರೆಯುವಷ್ಟು ಹೊತ್ತು

ಸಿಡಿಲು ಬಡಿದು ಯಾರಾದರೂ ಸತ್ತರೆ ದೇವರನ್ನು ಬೈಯುವ ಅನುಕೂಲ ಮನುಷ್ಯನಿಗೆ ಮೊದಲಿನಿಂದಲೂ ಇತ್ತು. ಬೈದು, ಅತ್ತು, ಹಣೆಬರಹ ಎಂದುಕೊಂಡು ಮತ್ತೆ ಹೊಲದ ದಾರಿ ಹಿಡಿಯಬಹುದಿತ್ತು. ಕರೆಗುಡ್ಡದ ಸುತ್ತಲಿನ ಹಳ್ಳಿಗಳಿಗೆ ಆ ಅನುಕೂಲ ತಪ್ಪಿ ನಾಲ್ಕನೆಯ ವರ್ಷ ನಡೆದಿತ್ತು. ಅಲ್ಲಿ ಸಿಡಿಲು ಎಲ್ಲಿ ಬೀಳಬೇಕೆಂದು ಹೇಳುವವರು ಗುಡ್ಡದ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರಲ್ಲಿ ಹಿರಿಯ ಎಂಜಿನಿಯರ್ ವಿಶಾಲಾಕ್ಷಿ ಬಣಕಾರ.

ಕರೆಗುಡ್ಡದ ಮೇಲೊಂದು, ಎದುರಿನ ಬೋಳುಗುಡ್ಡದ ಮೇಲೊಂದು, ಆಕಾಶಕ್ಕೆ ಬಾಯಿ ತೆರೆದ ಎರಡು ದೊಡ್ಡ ತಟ್ಟೆಗಳು. ಅವುಗಳಿಂದ ಹೊರಡುವುದು ಅಡುಗೆಮನೆಯ ಓವನ್ನಿನಲ್ಲಿ ಅನ್ನ ಬಿಸಿ ಮಾಡುವ ಅದೇ ಮೈಕ್ರೋವೇವ್. ಆದರೆ ಇಲ್ಲಿ ಅದು ಕಣ್ಣು ಮಿಟುಕಿಸುವುದರ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ ಇದ್ದು, ಆ ಹೊತ್ತಿನಲ್ಲೇ ತನ್ನ ಶಕ್ತಿಯನ್ನೆಲ್ಲ ಕಕ್ಕಿಬಿಡುವ ಮಿಡಿತ. ಗಾಳಿ ವಿದ್ಯುತ್ತನ್ನು ಸುಮ್ಮನೆ ಹರಿಯಗೊಡುವುದಿಲ್ಲ. ಆದರೂ ಅದರಲ್ಲಿ ಯಾವಾಗಲೂ ಒಂದೆರಡು ದಿಕ್ಕಿಲ್ಲದ ಇಲೆಕ್ಟ್ರಾನುಗಳು ಅಲೆದಾಡುತ್ತಿರುತ್ತವೆ. ಮಿಡಿತ ತಾಗಿದರೆ ಅವು ಹುಚ್ಚೆದ್ದು ಓಡಾಡಿ, ಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆದು, ಅವುಗಳ ಇಲೆಕ್ಟ್ರಾನುಗಳನ್ನೂ ಕಿತ್ತು ಹೊರಗೆಳೆಯುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನೋಡನೋಡುತ್ತ ಗಾಳಿಯ ಕಟ್ಟು ಮುರಿದು ಅದು ನೇರಳೆ ಬಣ್ಣದಲ್ಲಿ ಹೊಳೆಯುವ ತಂತಿಯೇ ಆಗುತ್ತದೆ. ಒಂದು ತಟ್ಟೆಯ ಕಿರಣಕ್ಕೆ ಇಷ್ಟು ಬಲವಿಲ್ಲ. ಎರಡೂ ಕಿರಣಗಳು ಎಲ್ಲಿ ಒಂದನ್ನೊಂದು ಹಾಯುತ್ತವೋ ಅಲ್ಲಿ ಮಾತ್ರ ಗಾಳಿ ಮುರಿಯುತ್ತದೆ. ಆ ಜಾಗದ ಕೆಳಗೆ, ಬರೀ ಬಂಡೆಗಳಿರುವ ನೆಲದಲ್ಲಿ, ಉಕ್ಕಿನ ಕಂಬ. ಮೋಡದ ಸಿಟ್ಟು ಗಾಳಿಯ ತಂತಿ ಹಿಡಿದು ಇಳಿದು ಕಂಬದ ಮೂಲಕ ಭೂಮಿಗೆ ಹೋಗುತ್ತದೆ.

ಇದಕ್ಕೊಂದು ಕಟ್ಟುಪಾಡು ಇತ್ತು. ಒಂದು ಸಿಡಿಲು ಎಳೆದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಮುರಿದ ಗಾಳಿ ಬಿಸಿಯಾಗಿ ತೆಳ್ಳಗಾಗಿರುತ್ತದೆ, ಅದರೊಳಗೆ ಅಯಾನುಗಳು ಇನ್ನೂ ಉಳಿದಿರುತ್ತವೆ. ಅದೆಲ್ಲ ಆರುವ ಮೊದಲೇ ಇನ್ನೊಂದು ಮಿಡಿತ ಬಿಟ್ಟರೆ ಗಾಳಿ ಕಡಿಮೆ ಬಲಕ್ಕೇ ಮುರಿಯುತ್ತದೆ, ಅದೂ ಕಂಬದ ಮೇಲಲ್ಲ, ಕಿರಣದ ದಾರಿಯಲ್ಲಿ ಹಿಂದಕ್ಕೆ, ತಟ್ಟೆಯ ಕಡೆಗೆ ಜಾರಿ. ಪ್ರಯೋಗಶಾಲೆಯ ಗಾಜಿನ ಕೊಳವೆಯಲ್ಲಿ ಕಿಡಿ ಹೀಗೆ ಗೇಣುದ್ದ ಹಿಂದೆ ಸರಿಯುವುದನ್ನು ವಿಶಾಲಾಕ್ಷಿ ಎಷ್ಟೋ ಸಲ ನೋಡಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಸೂತ್ರ ಗೀತ್ರ ಹೇಳುತ್ತಿರಲಿಲ್ಲ. "ಗಾಳಿಗೆ ಮರೀಲಿಕ್ಕೆ ಬಿಡ್ರಿ," ಎನ್ನುತ್ತಿದ್ದಳು. ಎಲೆ ಅಡಿಕೆ ಹಾಕಿಕೊಂಡು ಸುಣ್ಣ ಹಚ್ಚುವಷ್ಟು ಹೊತ್ತು, ಅಷ್ಟೇ.

ಇನ್ನು ಸೆರಗಿನ ವಿಷಯ. ಕರೆಗುಡ್ಡದಿಂದ ಕಂಬದ ಕಡೆಗೆ ಹೋಗುವ ಕಿರಣದ ಕೆಳಗೆ ಉದ್ದಕ್ಕೆ ಒಂದು ತಗ್ಗು ನೆಲವಿತ್ತು. ಅದರ ಮೇಲಿನ ಮೋಡವೇ ಮೊದಲು ಖಾಲಿಯಾಗುವುದರಿಂದ ಆ ಪಟ್ಟಿಗೆ ಸಿಡಿಲಿನ ಭಯವಿಲ್ಲ. ಕೇಂದ್ರದವರು ಎರಡೂ ಬದಿಗೆ ಸುಣ್ಣ ಬಳಿದ ಕಲ್ಲು ನೆಟ್ಟು, ಸೈರನ್ ಕೂಗಿದರೆ ಬಯಲಿನಲ್ಲಿದ್ದವರು ಅಲ್ಲಿಗೆ ಬರಬೇಕೆಂದು ಹೇಳಿದರು. ಊರವರು ಅದಕ್ಕೆ ಸೆರಗು ಎಂದು ಹೆಸರಿಟ್ಟರು. ಊರೂರು ತಿರುಗಿ, ಚಾವಡಿಯಲ್ಲಿ ಕೂತು, ಗಿಡದ ಬುಡಕ್ಕೆ ಓಡಬೇಡಿ, ಸೆರಗಿನೊಳಗೆ ಬನ್ನಿ ಎಂದು ಬಾಯಿ ನೋಯುವಷ್ಟು ಹೇಳಿದವಳು ವಿಶಾಲಾಕ್ಷಿ. ಮೇಲಿನಹಾಳದ ಕುರಿಗಾರ ಮಾಳಪ್ಪ ಅಂದು ಎದ್ದು ನಿಂತು, "ಅಲ್ರಿ ಅಕ್ಕಾರ, ಕುರಿ ಬೇಯಂಗಿಲ್ಲೇನ್ರಿ ಅದರಾಗ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಮುಂದಿನ ಮೋಡಕ್ಕೆ ಮಂದೆ ಹೊಡೆದುಕೊಂಡು ಸೆರಗಿಗೆ ಮೊದಲು ಬಂದವನೂ ಅವನೇ. ಅವನ ಕುರಿ ಬೇಯದ್ದು ನೋಡಿ ಉಳಿದವರು ಬಂದರು. ಮೂರು ಮಳೆಗಾಲ ಯಾರೂ ಸಾಯಲಿಲ್ಲ.

ನಾಲ್ಕನೆಯ ವರ್ಷದ ಚೈತ್ರದಲ್ಲಿ, ಊಟದ ಹೊತ್ತು ಮೀರಿದ ಮೇಲೆ, ಮೂಡಣದಿಂದ ಮೋಡ ಎದ್ದಿತು. ಸೈರನ್ ಕೂಗಿಸಿ ವಿಶಾಲಾಕ್ಷಿ ಪರದೆಯ ಮುಂದೆ ಕೂತಳು. ಪಕ್ಕದಲ್ಲಿ ಕಿರಿಯ ಎಂಜಿನಿಯರ್ ನಜೀರ. ಮೊದಲ ಸಿಡಿಲು ನೆಟ್ಟಗೆ ಕಂಬಕ್ಕೆ ಇಳಿಯಿತು. ಬಿಡುವಿನ ಕೆಂಪು ದೀಪ ಹತ್ತಿಕೊಂಡಿತು. ಆಗಲೇ ಗಂಡನ ಫೋನು ಬಂದದ್ದು. ಗುರುಪಾದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರು. ಶಾಲೆ ಬಿಟ್ಟು ಸ್ಕೂಟರಿನ ಮೇಲೆ ಹೊರಟಿದ್ದ.

"ಕೆರಿ ಏರಿ ದಾಟೀನಿ. ಸೈರನ್ ಕೇಳಿತು, ಆದ್ರ ಸೆರಗು ಭಾಳ ದೂರ ಉಳೀತು. ಸುತ್ತಮುತ್ತ ಏನೂ ಇಲ್ಲ, ಬರೇ ಬಯಲು. ನೆತ್ತಿ ಮ್ಯಾಲೆ ಕರ್ರಗ ಆಗೇತಿ. ನಿನ್ನ ಸಿಡಿಲಿಗೆ ಸ್ವಲ್ಪ ಹೇಳಿಡು," ಎಂದು ನಗುತ್ತ ಫೋನಿಟ್ಟ.

ಅವಳು ಪರದೆ ನೋಡಿದಳು. ಮೋಡದ ಇನ್ನೊಂದು ಗಡ್ಡೆ ಸರಿಯಾಗಿ ಕೆರೆಯ ಬಯಲಿನ ಮೇಲೆ ಕಟ್ಟುತ್ತಿತ್ತು. ಈಗಲೇ ಎಳೆಯದಿದ್ದರೆ ಅದು ತನಗೆ ತಿಳಿದ ಕಡೆ ಇಳಿಯುತ್ತದೆ. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತದ್ದು ಒಂದು ಸ್ಕೂಟರು ಮತ್ತು ಅದರ ಮೇಲಿನ ಮನುಷ್ಯ. ಅವಳ ಕೈ ಬಿಡುವು ತಪ್ಪಿಸುವ ಕೀಲಿಯ ಕಡೆ ಹೋಯಿತು. ಯಂತ್ರಗಳ ಪರೀಕ್ಷೆಗೆಂದು ಇಟ್ಟ ಕೀಲಿ ಅದು, ಹಿರಿಯರ ಕೈಯಲ್ಲಿ ಮಾತ್ರ ಇರುವುದು.

"ಮೇಡಂ, ಇನ್ನೂ ಕೆಂಪ ಐತ್ರಿ," ಎಂದ ನಜೀರ.

"ನಾ ನೋಡ್ಕೋತೀನಿ ಬಿಡು," ಎಂದು ತಿರುಗಿಸಿದಳು.

ಕಂಬಕ್ಕೆ ಬಿದ್ದ ಸಿಡಿಲಿನ ಸದ್ದು ಕೇಂದ್ರಕ್ಕೆ ಬಂದು ಮುಟ್ಟಲು ಹೊತ್ತು ಹಿಡಿಯುತ್ತದೆ. ಈ ಸಲ ಬೆಳಕು, ಸದ್ದು ಒಟ್ಟಿಗೇ ಬಂದು ಕಿಟಕಿಯ ಗಾಜು ಗಡಗಡ ನಡುಗಿತು. ಕಂಬದ ಮಾಪಕ ಅಲುಗಲಿಲ್ಲ. ಪರದೆಯ ಮೇಲಿನ ನೇರಳೆ ಗೆರೆ ಕಿರಣದ ದಾರಿಯಲ್ಲಿ ಹಿಂದಕ್ಕೆ ಜಾರಿ ಸೆರಗಿನ ಮೇಲೆ ಬಂದು ನಿಂತಿತ್ತು. ಇಬ್ಬರೂ ನೋಡಿದರು.

ಸಂಜೆ ಗುರುಪಾದ ತೊಯ್ದು ತೊಪ್ಪೆಯಾಗಿ, ಖುಷಿಯಾಗಿ ಮನೆಗೆ ಬಂದ. ತಲೆ ಒರೆಸಿಕೊಳ್ಳುತ್ತ, "ಬಯಲಾಗ ಒಂದೂ ಬೀಳಲಿಲ್ಲ ನೋಡು. ನಿಮ್ಮ ಇಲಾಖೆಗೆ ಒಂದು ತೆಂಗಿನಕಾಯಿ ಒಡೀಬೇಕು," ಎಂದ. ಅವಳು ರೊಟ್ಟಿ ಬಡಿಯುತ್ತಿದ್ದಳು. ಆಗ ನಜೀರ ಫೋನು ಮಾಡಿ ಎರಡೇ ಮಾತು ಹೇಳಿದ. ಮೇಲಿನಹಾಳದ ಮಾಳಪ್ಪ, ಮತ್ತೆ ಅವನ ಕುರಿಗಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಕಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಏನಾಯಿತೆಂದು ಗಂಡ ಕೇಳಿದ್ದಕ್ಕೆ ತಲೆನೋವು ಎಂದಳು.

ಬೆಳಿಗ್ಗೆ ಹೋಗಿ ನೋಡಿದಳು. ಹುಲ್ಲು ಸುಟ್ಟಿದ್ದು ಸುಣ್ಣದ ಕಲ್ಲುಗಳ ಒಳಗೆ, ನಟ್ಟನಡುವೆ. ಸತ್ತ ಕುರಿಗಳು ಇನ್ನೂ ಅಲ್ಲೇ ಬಿದ್ದಿದ್ದವು. ಮಾಳಪ್ಪನನ್ನು ಮಾತ್ರ ಮೊದಲು ಕಂಡ ಪರವೂರಿನ ದಾರಿಹೋಕರು ಎತ್ತಿಕೊಂಡು ಹೋಗಿ ಕಲ್ಲುಗಳಾಚೆ ರಸ್ತೆಯ ಬದಿಗೆ ಮಲಗಿಸಿದ್ದರು. ಪೊಲೀಸರು ಬಂದಾಗ ಹೆಣ ಇದ್ದದ್ದು ಅಲ್ಲಿ.

ಅಷ್ಟು ಸಾಕಾಯಿತು. ಕೇಂದ್ರದ ನಿರ್ದೇಶಕ ಡಾಕ್ಟರ್ ಪ್ರಹ್ಲಾದ ಕಟ್ಟಿ ಸುಳ್ಳು ಹೇಳುವ ಮನುಷ್ಯನಲ್ಲ. ಹೆಣ ಸೆರಗಿನ ಹೊರಗೆ ಸಿಕ್ಕಿತು ಎಂದು ಪತ್ರಿಕೆಯವರಿಗೆ ಹೇಳಿದರು. ಹೊರಗೇ ಸಿಕ್ಕಿತ್ತಲ್ಲ. ಕುರಿಗಳ ಬಗ್ಗೆ ಯಾರೂ ಕೇಳಲಿಲ್ಲ. ಹೊರಗೆ ಬಿದ್ದ ಸಿಡಿಲೇ ಹುಲ್ಲು ಹಿಡಿದು ಒಳಗೆ ಬಂದು ಅವುಗಳನ್ನು ಸುಟ್ಟಿರಬೇಕೆಂದು ಊರವರು ಅಂದುಕೊಂಡರು. ಆಮೇಲೆ ವಿಶಾಲಾಕ್ಷಿಯನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು.

"ನಾ ಏನೂ ಕೇಳೂದಿಲ್ಲ, ನೀನೂ ಏನೂ ಹೇಳಬ್ಯಾಡ. ಸೆರಗಿನೊಳಗ ಸಿಡಿಲು ಬಿತ್ತು ಅಂತ ಒಂದೂರಿಗೆ ತಿಳೀತಂದ್ರ ಹತ್ತೂರಿನ ಮಂದಿ ಮತ್ತ ಗಿಡದ ಬುಡಕ್ಕ ಓಡತಾರ. ನಾವು ಬರೂಕಿಂತ ಮೊದಲ ಹ್ಯಾಂಗ ಸಾಯತಿದ್ರು, ನೀನ ನೋಡೀದಿ. ಸೆರಗು ಖರೇನ ಭದ್ರ ಅದ. ಆ ಕೀಲಿ ಮುಟ್ಟದಿದ್ರ ಸಾಕು. ಅದನ್ನ ನಾ ಇಸಕೊಂಡೀನಿ."

ಅವರ ಮಾತು ಸುಳ್ಳಾಗಿದ್ದರೆ ಅವಳು ಜಗಳವಾಡುತ್ತಿದ್ದಳು. ಅದು ನಿಜವಾಗಿತ್ತು. ನಿಜದ ಮರೆಯಲ್ಲಿ ಅಡಗಿಕೊಳ್ಳುವುದು ಸುಳ್ಳಿನ ಮರೆಯಲ್ಲಿ ಅಡಗುವುದಕ್ಕಿಂತ ಸುಲಭ. ಅವಳು ಅಡಗಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಅಡಗಿದಳು.

ಮಾಳಪ್ಪನ ದಿನಗಳು ಮುಗಿದ ಮೇಲೆ ಅವನ ಹೆಂಡತಿ ಲಗಮವ್ವ ಗುಡ್ಡ ಹತ್ತಿ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು. ಬೈಯಲು ಬಂದಿದ್ದಾಳೆಂದು ವಿಶಾಲಾಕ್ಷಿ ಎದ್ದು ನಿಂತಳು. ಬೈಸಿಕೊಳ್ಳಬೇಕೆಂಬ ಆಸೆಯೇ ಇತ್ತೆನ್ನಿ. ಲಗಮವ್ವ ಕುರ್ಚಿಯ ಮೇಲೆ ಕೂರಲು ಒಪ್ಪದೆ ಗೋಡೆಗೊರಗಿ ನೆಲದ ಮೇಲೆ ಕೂತಳು.

"ಅಕ್ಕಾರ, ಒಂದ ಮಾತು ಕೇಳಾಕ ಬಂದೇನ್ರಿ. ಸೆರಗಿಗೆ ಇನ್ನ ಎಷ್ಟ ಹೆಜ್ಜಿ ಉಳಿದಿದ್ದುವ್ರಿ ಅವಂಗ?"

ವಿಶಾಲಾಕ್ಷಿಗೆ ಮೊದಲು ಅರ್ಥವಾಗಲಿಲ್ಲ.

"ಸೈರನ್ ಆಗಿತ್ರಿ. ಅವ ಹೊಂಟಿದ್ದ. ನಾನ ತಡದ್ನಿ," ಎಂದಳು ಲಗಮವ್ವ. "ಎರಡ ತಿಂಗಳಿಂದ ಹಾಸಾಕ ಕೌದಿ ಹೊಲ್ದಿದ್ನಿ, ಹೊಸಾದು. ಅದರ ಮ್ಯಾಲೆ ಆಗ ಹುಟ್ಟಿದ ಹಸಿ ಮರಿ ತಂದ ಮಲಗಿಸಿದ್ದ. ಸಿಟ್ಟು ಬಂತ್ರಿ. ನಿಂದ್ರಿಸಿ ಬೈದ್ನಿ. ಅವನೂ ನಿಂತು ಎದುರು ಅಂದ. ಅಷ್ಟ ಹೊತ್ತು ಬಾಯಿ ಮುಚಗೊಂಡಿದ್ರ ಮುಟ್ತಿದ್ನೇನ್ರಿ? ಅತ್ತಿ ಅಂತೂ ನೀನ ನುಂಗಿದಿ ನನ್ನ ಮಗನ್ನ ಅಂತಾಳ. ಉಳಿದ ಕುರಿ ಹತ್ರ ಸೈತ ಹೋಗಗೊಡವಲ್ಲಳು. ಎಷ್ಟ ಹೆಜ್ಜಿ ಅಂತ ಗೊತ್ತಾದ್ರ, ಎಷ್ಟ ಮಾತು ಹೆಚ್ಚಾತು ಅಂತ ಲೆಕ್ಕಾ ಹಾಕ್ತೀನ್ರಿ."

ವಿಶಾಲಾಕ್ಷಿ ನಿಂತಲ್ಲಿಂದಲೇ, "ನಿನ್ನ ತಪ್ಪಲ್ಲವ್ವಾ," ಎಂದಳು. "ಸಿಡಿಲಿಗೆ ಯಾರೇನು ಮಾಡಾಕ ಬರ್ತದ?"

ಇಡೀ ಜಿಲ್ಲೆಯಲ್ಲಿ ಆ ಮಾತನ್ನು ಆಡಬಾರದವಳು ಯಾರಾದರೂ ಇದ್ದರೆ ಅವಳೇ. ಲಗಮವ್ವ ತಲೆಯೆತ್ತಿ ನೋಡಿದಳು. ಅವಳ ದನಿಯಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ.

"ನಿಮಗ ಬರ್ತದಲ್ರಿ," ಎಂದಳು.

ಅಂದು ಮನೆಯಲ್ಲಿ ವಿಶಾಲಾಕ್ಷಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಗುರುಪಾದ ಕೈಯಲ್ಲಿದ್ದ ಉತ್ತರಪತ್ರಿಕೆಗಳನ್ನು ಕೆಳಗಿಟ್ಟ.

"ನಾ ಫೋನ್ ಮಾಡಬಾರದಿತ್ತು," ಎಂದ. "ತಪ್ಪು ನಂದ."

"ನೀವೂ ಪಾಲು ಕೇಳಾಕ ಬರಬ್ಯಾಡ್ರಿ," ಎಂದಳು ಅವಳು ರೇಗಿ. "ಅಲ್ಲಿ ಆಕಿ ಒಂದು ಪಾಲು ಹೊತ್ತಾಳ, ಇಲ್ಲಿ ನೀವೊಂದು ಹೊರ್ತೀರಿ. ಎಲ್ಲಾರೂ ಹಂಚಿಕೊಂಡ್ರ ನಂದು ಹಗುರ ಆಗ್ತದಂತ ತಿಳಿದೀರೇನು?"

ಗುರುಪಾದ ಹಾಗೆ ರೇಗುವ ಹೆಂಡತಿಯನ್ನು ನೋಡಿರಲಿಲ್ಲ. "ಹಂಗಾರ ಆಕಿ ಪಾಲು ಆಕಿ ಹೆಗಲಿಂದ ಇಳಿಸಿ ಬಾ," ಎಂದ. "ನಾನು ಬದುಕೀನಿ, ಅದಕ್ಕ ನಾ ಏನೂ ಅನ್ನಾಕ ಬರೂದಿಲ್ಲ. ಆದ್ರ ಆಕಿ ಹೆಜ್ಜಿ ಎಣಿಸಿಕೋತ ಕುಂತಿರೂದು ಸರಿ ಅಲ್ಲ."

ಅವಳು ಒಂದು ವಾರ ತಡೆದಳು. ಆ ವಾರವೆಲ್ಲ ಕೇಂದ್ರದಲ್ಲಿ ನಿಯಂತ್ರಣವನ್ನು ನಜೀರನಿಗೇ ಬಿಟ್ಟುಕೊಟ್ಟಳು. ಬಟ್ಟೆ ಮಡಚುವಾಗ, ಬಸ್ಸಿಗೆ ಕಾಯುವಾಗ, ಎಷ್ಟು ಹೆಜ್ಜೆ ಎಂಬ ಪ್ರಶ್ನೆ ಬಂದು ಎದುರಿಗೆ ಕೂರುತ್ತಿತ್ತು. ಕಡೆಗೆ ಕಟ್ಟಿಯವರ ಕೋಣೆಗೆ ಹೋಗಿ, "ಸರ್, ನಾ ಲಗಮವ್ವಗ ಹೇಳಾಕ ಹೊಂಟೀನಿ," ಎಂದಳು.

ಕಟ್ಟಿಯವರು ಕನ್ನಡಕ ತೆಗೆದರು. "ನಾಳೆ ಜನ ಗಿಡದ ಬುಡಕ್ಕ ನಿಂತು ಸತ್ರ, ಆ ಹೆಣಾನೂ ನಿನ್ನ ಲೆಕ್ಕಕ್ಕ ಬರ್ತಾವ. ಹೊರತೀಯೇನು?"

"ಗೊತ್ತಿಲ್ಲ, ಸರ್," ಎಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಆದರೂ ಹೊರಟಳು.

ಮೇಲಿನಹಾಳದ ಹೊರಗೆ ಲಗಮವ್ವನ ಗುಡಿಸಲು. ಅವಳು ಬಾಗಿಲಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು ಹಟ್ಟಿಯಲ್ಲಿ ಆಡಿಕೊಂಡಿದ್ದರು. ಅತ್ತೆ ದೂರದಿಂದಲೇ ನೋಡಿ ಒಳಗೆ ಸರಿದಳು. ವಿಶಾಲಾಕ್ಷಿ ಈ ಸಲ ತಾನೂ ನೆಲದ ಮೇಲೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು.

"ಲಗಮವ್ವ, ಮಾಳಪ್ಪ ಮುಟ್ಟಿದ್ದ."

ಲಗಮವ್ವನ ಕೈ ನಿಂತಿತು. "ಎಲ್ಲಿಗ್ರಿ?"

"ಸೆರಗಿಗೆ. ನಡುವ ನಿಂತಿದ್ದ, ಕುರಿ ಸುತ್ತ ಹಾಕ್ಕೊಂಡು. ನೀನು ತಡೆದದ್ದು ಏನೂ ಆಗಿಲ್ಲ. ಒಂದು ಸಿಡಿಲು ಎಳೆದ ಮ್ಯಾಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ನಾ ಇರಲಿಲ್ಲ. ನನ್ನ ಗಂಡ ಬಯಲಾಗ ಇದ್ದ, ಅವನ ಮ್ಯಾಲೆ ಬೀಳ್ತದಂತ ಅವಸರ ಮಾಡಿದೆ. ಕಂಬಕ್ಕ ಹೋಗಬೇಕಾದದ್ದು ಹಿಂದ ಸರದು ಸೆರಗಿನೊಳಗ ಬಿತ್ತು."

ಲಗಮವ್ವ ಮೊದಲು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ಮುಟ್ಟಿದ್ದ," ಎಂದು ತನಗೆ ತಾನೇ ಹೇಳಿಕೊಂಡಳು. "ಯವ್ವಾ, ಮುಟ್ಟಿದ್ದನಂತ. ನಾ ಕೊಂದಿಲ್ಲ." ಒಳಗೆ ಮುದುಕಿಯ ಬಳೆಯ ಸದ್ದಾಗಿ ನಿಂತಿತು. ಆಮೇಲೆ ಲಗಮವ್ವ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು ವಿಶಾಲಾಕ್ಷಿಯನ್ನು ದಿಟ್ಟಿಸಿದಳು. ಇಲ್ಲಿಯವರೆಗೆ ಇದ್ದ ಬಹುವಚನ ಅಲ್ಲಿಗೆ ಮುಗಿಯಿತು.

"ನೀ ಕೊಂದಿ," ಎಂದಳು.

"ಹೂಂ."

ಇನ್ನೇನು ಹೇಳುತ್ತಿದ್ದಳೋ, ಅಷ್ಟರಲ್ಲಿ ಗುಡ್ಡದ ಮೇಲೆ ಸೈರನ್ ಕೂಗಿತು. ಮೂಡಣ ಕಪ್ಪಾಗಿತ್ತು. ಹಟ್ಟಿಯ ಮಕ್ಕಳು ಅಭ್ಯಾಸದಂತೆ ಎದ್ದು ಸೆರಗಿನ ದಾರಿ ಹಿಡಿದವರು ಅವ್ವನ ಮುಖ ನೋಡಿ ನಿಂತರು.

"ಈಗ ಇವನ್ನ ಎಲ್ಲಿ ಕರಕೊಂಡು ಹೋಗ್ಲಿ ಹೇಳು," ಎಂದಳು ಲಗಮವ್ವ.

"ಸೆರಗಿಗೆ. ನಾನೂ ಬರ್ತೀನಿ."

"ನೀ ಮುಂದ ನಡಿ."

ವಿಶಾಲಾಕ್ಷಿ ಮುಂದೆ ನಡೆದಳು. ಸುಣ್ಣದ ಕಲ್ಲುಗಳ ನಡುವೆ ಆಗಲೇ ಹತ್ತಿಪ್ಪತ್ತು ಜನ ಕುರಿ, ಆಕಳು ಕಟ್ಟಿಕೊಂಡು ಬಂದು ನಿಂತಿದ್ದರು. ಎಂಜಿನಿಯರಮ್ಮ ತಾನೇ ಬಂದಳಲ್ಲ ಎಂದು ಅವರಿಗೆ ಸಂತೋಷವಾಯಿತು. ಲಗಮವ್ವ ಕಲ್ಲಿನ ಹೊರಗೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನನಗ ಹೇಳಿದ್ದು ಇವರಿಗೂ ಹೇಳು."

ವಿಶಾಲಾಕ್ಷಿ ಮೇಲೆ ನೋಡಿದಳು. ಮೋಡ ನೆತ್ತಿಗೆ ಬರುತ್ತಿತ್ತು. ಕೂಗಳತೆಯಲ್ಲೇ ಹುಣಸೆಯ ದೊಡ್ಡ ಮರ ಹರಡಿಕೊಂಡು ನಿಂತಿತ್ತು. ಈಗ ಹೇಳಿದರೆ ಇವರು ಅಲ್ಲಿಗೆ ಓಡಬಹುದು, ಕಟ್ಟಿಯವರು ಹೇಳಿದ ಹೆಣಗಳು ಕಣ್ಣೆದುರೇ ಬೀಳಬಹುದು. ಹೇಳದಿದ್ದರೆ, ಮಾಳಪ್ಪ ಮತ್ತೆ ಸೆರಗಿನ ಹೊರಗೆ ಹೋಗಿ ಬೀಳುತ್ತಾನೆ. ಅವಳು ಹೇಳಿದಳು. ಮಾಳಪ್ಪ ಸತ್ತದ್ದು ಇಲ್ಲೇ, ತನ್ನ ಕೈಯಿಂದ ಎಂದಳು. ಈಗ ಮೇಲೆ ಕೂತವನು ನಜೀರ, ಅವನು ಬಿಡುವು ತಪ್ಪಿಸುವವನಲ್ಲ, ತಪ್ಪಿಸುವ ಕೀಲಿಯೂ ಅಲ್ಲಿಲ್ಲ ಎಂದಳು. ದನಿ ಒಡೆದು ಅರ್ಧ ಮಾತು ಗಾಳಿಗೆ ಹೋಯಿತು.

ಜನ ಮುಖ ಮುಖ ನೋಡಿಕೊಂಡರು. ಒಬ್ಬ ಮುದುಕ, "ಹಂಗಾರ ಇಲ್ಲೇನು ಸಾಯಾಕ ನಿಂದ್ರಬೇಕೇನ್ರಿ?" ಎಂದು ಆಕಳ ಹಗ್ಗ ಹಿಡಿದು ಹುಣಸೆಮರದ ಕಡೆ ತಿರುಗಿದ. ಅವನ ಹಿಂದೆ ಇಬ್ಬರು ಹೊರಟರು. ವಿಶಾಲಾಕ್ಷಿ ಅಡ್ಡ ಹೋಗಿ ಕೈ ಮುಗಿದಳು. ಅವರು ಬಳಸಿಕೊಂಡು ಹೋದರು. ಅವಳ ಮಾತನ್ನು ನಂಬುವ ಕಾರಣ ಅವರಿಗೆ ಉಳಿದಿರಲಿಲ್ಲ.

ಲಗಮವ್ವ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ನೋಡಿ, ಮಕ್ಕಳ ರಟ್ಟೆ ಹಿಡಿದು ಕಲ್ಲು ದಾಟಿ ಒಳಗೆ ಬಂದಳು. ಹುಲ್ಲು ಸುಟ್ಟು ಕಪ್ಪಾದ ಜಾಗದಲ್ಲಿ ಮಕ್ಕಳನ್ನು ಕೂರಿಸಿ, ತಾನೂ ಕೂತು, ಕಂಬಳಿ ಹೊದೆಸಿದಳು.

"ಮಲ್ಲಜ್ಜ, ತಿರುಗಿ ಬಾ," ಎಂದಳು. "ಗಿಡದ ಬುಡಕ ನಿಂತ್ರ ಏನಾಗ್ತದ ಅಂತ ನಿನಗ ಯಾರೂ ಹೇಳಬೇಕಾಗಿಲ್ಲ."

ಗಂಡನನ್ನು ಕಳೆದುಕೊಂಡವಳೇ ಅಲ್ಲಿ ಕೂತ ಮೇಲೆ ಮುದುಕನಿಗೆ ಎದುರಾಡಲು ಬರಲಿಲ್ಲ. ಗೊಣಗುತ್ತ ಹಿಂತಿರುಗಿದ. ಉಳಿದವರೂ ಬಂದು ಕೂತರು.

ಮೇಲೆ ನೇರಳೆ ಗೆರೆ ಮೂಡಿತು. ಸಿಡಿಲು ದೂರದ ಕಂಬಕ್ಕೆ ಇಳಿಯಿತು. ಸದ್ದು ನಿಧಾನಕ್ಕೆ ಉರುಳಿಕೊಂಡು ಬಂತು. ಕುರಿಗಳು ಒತ್ತೊತ್ತಾಗಿ ನಿಂತವು. ಆಮೇಲೆ ಬಿಡುವು. ಮಳೆಯ ಮೊದಲ ಹನಿಗಳು ಬಿದ್ದವು. ಇನ್ನೊಂದು ಮೋಡ ಸರಿಯಾಗಿ ತಲೆಯ ಮೇಲೆ ಗುಡುಗುಟ್ಟುತ್ತಿತ್ತು, ಮೈಮೇಲಿನ ಕೂದಲು ನೆಟ್ಟಗೆದ್ದಿತ್ತು, ಗುಡ್ಡದ ಮೇಲೆ ಮಾತ್ರ ಏನೂ ಅಲುಗಲಿಲ್ಲ. ನಜೀರ ಕಾಯುತ್ತಿದ್ದ. ಬೇಗ, ಬೇಗ ಎಂದು ವಿಶಾಲಾಕ್ಷಿಯ ಎದೆ ಬಡಿದುಕೊಂಡಿತು, ಬೇಡ ಎಂದು ತಾನೇ ಅದನ್ನು ಗದರಿಸಿದಳು. ಸಣ್ಣ ಹುಡುಗಿ ಕಂಬಳಿಯೊಳಗಿಂದ ಮುಖ ಹೊರಹಾಕಿ ಅವಳನ್ನೇ ನೋಡುತ್ತಿತ್ತು.

ಕಡೆಗೊಮ್ಮೆ ಎರಡನೆಯದೂ ಕಂಬಕ್ಕೇ ಹೋಯಿತು. ಜನ ಬಿಗಿಹಿಡಿದಿದ್ದ ಉಸಿರು ಬಿಟ್ಟರು. ಲಗಮವ್ವ ಗುಡ್ಡದ ಕಡೆ ನೋಡಿದಳು.

"ಇಷ್ಟ ಏನು ಆ ಹೊತ್ತು?" ಎಂದು ಕೇಳಿದಳು.

"ಇಷ್ಟ."

"ಅವತ್ತು ಇಷ್ಟು ತಡಕೊಳ್ಳಾಕ ಆಗಲಿಲ್ಲೇನು ನಿನಗ?"

ವಿಶಾಲಾಕ್ಷಿ ಇಲ್ಲವೆಂದು ತಲೆಯಾಡಿಸಿದಳು.